ಕೊಂಡವನಿಗೆ ಕೀಲಿ ಬೇಡವೆ?

ಮನೆಯೊಂದನ್ನು ಕ್ರಯಕ್ಕೆ ಕೊಂಡವನಿಗೆ ಬೀಗದ ಕೈ ಕೊಡದೆ, “ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಬೀಗದ ಕೈ ನಿಮಗೇತಕ್ಕೆ?” ಎಂದು ಮಾರಿದವನು ಕೇಳಿದರೆ ನಾವು ಸುಮ್ಮನಿರುತ್ತೇವೆಯೆ? ಪಂಚರನ್ನು ಸೇರಿಸುತ್ತೇವೆ. ಆದರೆ ಅದೇ ಮಾತನ್ನು ಕಂಪ್ಯೂಟರ್ ಅಂಗಡಿಯವನು ಆಡಿದರೆ ತಲೆಯಾಡಿಸಿ ಹಿಂದಿರುಗುತ್ತೇವೆ.

ಈಚೆಗೆ ಗುರುಮಠಕಲ್ಲಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ತೊಗರಿ ಮಾರಿ ಬಂದ ದುಡ್ಡಿನಲ್ಲಿ ಭಾವ ಮಗನಿಗೊಂದು ಹೊಸ ಕಂಪ್ಯೂಟರ್ ಕೊಡಿಸಿದ್ದರು. ಅಂಗಡಿಯವರು ಅದರಲ್ಲಿ ಹಾಕಿಕೊಟ್ಟಿದ್ದ ವಿಂಡೋಸಿಗೆ ಲೈಸೆನ್ಸ್ ಇರಲಿಲ್ಲ. ಪರದೆಯ ಮೂಲೆಯಲ್ಲಿ ಅದನ್ನು ನೆನಪಿಸುವ ಬರೆಹ ಸದಾ ನಿಂತಿರುತ್ತಿತ್ತು. ಹುಡುಗನಿಗೆ ಅದು ಸರಿಬರಲಿಲ್ಲ. ಹಣ ಕೊಡದೆ ನ್ಯಾಯವಾಗಿಯೇ ದೊರೆಯುವ ಉಬುಂಟುವನ್ನು ಪೆನ್‌ಡ್ರೈವಿನಿಂದ ಹಾಕಿಕೊಳ್ಳುತ್ತೇನೆಂದು ಹೊರಟ. ಅದಕ್ಕಾಗಿ ಯಂತ್ರದ ಆರಂಭದ ಸೆಟ್ಟಿಂಗಿಗೆ, ಬಲ್ಲವರು ಬಯೋಸ್ ಎನ್ನುತ್ತಾರಲ್ಲ ಅಲ್ಲಿಗೆ, ಹೋಗಬೇಕು. ವಿಂಡೋಸ್ ಏಳುವುದಕ್ಕೂ ಮುಂಚೆ ಎದ್ದು, ಯಾವ ಡಿಸ್ಕಿನಿಂದ ಕೆಲಸ ಆರಂಭಿಸಬೇಕೆಂದು ತೀರ್ಮಾನಿಸುವ ಚಿಕ್ಕ ಕಾರ್ಯಕ್ರಮ ಅದು. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಅದರ ವಾಸ.

“ಡಿಲೀಟ್ ಒತ್ತಿದೆ, ಎಫ್ 2 ಒತ್ತಿದೆ, ಎಫ್ 12 ಒತ್ತಿದೆ ಮಾಮಾ. ಸೀದಾ ವಿಂಡೋಸಿಗೇ ಹೋಗ್ತದ,” ಎಂದ. ಮೂರು ದಿನದಿಂದ ಒತ್ತುತ್ತಿದ್ದನಂತೆ. ತನ್ನ ಬೆರಳೇ ನಿಧಾನವೆಂದು ನಂಬಿಬಿಟ್ಟಿದ್ದ.

ತಪ್ಪು ಬೆರಳಿನದಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಯಂತ್ರ ಬೇಗ ಏಳಬೇಕೆಂಬ ಹಟದಲ್ಲಿ ಈ ಬಾಗಿಲನ್ನು ಎಷ್ಟು ಕಿರಿದುಗೊಳಿಸಿದರೆಂದರೆ, ಕೀಲಿ ಒತ್ತಲು ಉಳಿದ ಅವಕಾಶ 200 ಮಿಲಿಸೆಕೆಂಡಿಗಿಂತಲೂ ಕಡಿಮೆಯೆಂದು ಅದನ್ನು ಮಾಡಿದ ಮೈಕ್ರೋಸಾಫ್ಟಿನವರೇ ಆಗ ಒಪ್ಪಿಕೊಂಡರು. ಸೆಕೆಂಡಿನ ಐದನೆಯ ಒಂದು ಪಾಲು! ಇದರ ಮೇಲೆ, ‘ಫಾಸ್ಟ್ ಬೂಟ್’ ಇರುವ ಕೆಲವು ಯಂತ್ರಗಳು ವಿಂಡೋಸ್ ಏಳುವವರೆಗೆ ಯುಎಸ್‌ಬಿ ಕೀಬೋರ್ಡನ್ನು ಎಬ್ಬಿಸುವುದೇ ಇಲ್ಲ. ನಾವು ‘ಶಟ್ ಡೌನ್’ ಕೊಟ್ಟಾಗಲೂ ಅದು ಪೂರ್ತಿ ಮುಚ್ಚುವುದಿಲ್ಲ; ತನ್ನ ತಿರುಳನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ನಿಜವಾಗಿ ಮುಚ್ಚಿ ತೆರೆಯುವುದು ‘ರೀಸ್ಟಾರ್ಟ್’. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ಒಂದು ನೀಲಿ ಪರದೆ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ಅದರೊಳಗೆ ‘ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್’. ಮುಂಬಾಗಿಲಿನಿಂದ ಬರಬೇಕಾದ ಯಜಮಾನನು ಹಿತ್ತಿಲು ಸುತ್ತಿ, ಅಟ್ಟ ಹತ್ತಿ ಬಂದಂತಾಯಿತು. ಇರಲಿ, ಬಂದೆವು.

ಬಂದರೆ ಅಲ್ಲಿ ಪಾಸ್‌ವರ್ಡ್ ಕೇಳಿತು. ಹುಡುಗ ಇಟ್ಟದ್ದಲ್ಲ, ಅಂಗಡಿಯವರು ಇಟ್ಟದ್ದು. ಫೋನು ಮಾಡಿದೆವು. “ಅದರಾಗ ನಿಮ್ಮ ಹುಡುಗಗೇನು ಕೆಲಸ್ರೀ? ಏನರ ಕೆಡಿಸಿಕೊಂಡ್ರ ವಾರಂಟಿ ಹೋಗ್ತದ. ಇಲ್ಲಿಗೇ ತರ್ರಿ, ಐನೂರು ರೂಪಾಯಿ ಆಗ್ತದ.” ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ ಹಲವು ಡೆಸ್ಕ್‌ಟಾಪ್‌ಗಳಲ್ಲಿ ಆ ಪಾಸ್‌ವರ್ಡ್ ಅಳಿಸಿಹೋಗುತ್ತದೆ. ಆದರೆ ಡಬ್ಬಿಯ ತಿರುಪಿನ ಮೇಲೆ ಅಂಗಡಿಯ ಚೀಟಿ ಅಂಟಿಸಿದೆ. ಹರಿದರೆ ವಾರಂಟಿ ಇಲ್ಲ. ಬೀಗದ ಮೇಲೊಂದು ಬೀಗ.

ಗಿರಾಕಿಗಳು ಏನೇನೋ ತಿರುಚಿ, ಪುಕ್ಕಟೆ ರಿಪೇರಿಗೆ ಬಂದು ಕೂಡುತ್ತಾರೆಂಬ ಅಂಗಡಿಯವನ ದೂರಿನಲ್ಲಿ ನಿಜವಿಲ್ಲದೆ ಇಲ್ಲ. ಆದರೆ ನಮ್ಮ ಭಾವನನ್ನು ನೋಡಿ. ಹೊಲದ ಪಂಪಿನ ಸ್ಟಾರ್ಟರ್ ಡಬ್ಬಿ ತೆರೆದು, ಸುಟ್ಟ ಫ್ಯೂಸು ಕಿತ್ತು, ಹೊಸದು ಹಾಕುವ ಮನುಷ್ಯ. ಅಲ್ಲಿ ಕೈ ತಪ್ಪಿದರೆ ಪ್ರಾಣವೇ ಹೋದೀತು. ಇಲ್ಲಿ ಕೈ ತಪ್ಪಿದರೆ ‘ಲೋಡ್ ಡಿಫಾಲ್ಟ್ಸ್’ ಎಂಬ ಒಂದು ಸಾಲು ಬಹುಪಾಲು ತಪ್ಪುಗಳನ್ನು ಮೊದಲಿನಂತೆ ಮಾಡಿಕೊಡುತ್ತದೆ. (ಬಯೋಸನ್ನೇ ಹೊಸದಾಗಿ ಬರೆಯುವ ‘ಅಪ್‌ಡೇಟ್’ ಮಾತ್ರ ಅಪಾಯದ ಕೆಲಸ, ನಡುವೆ ಕರೆಂಟು ಹೋದರೆ ಬೋರ್ಡೇ ಕೆಡಬಹುದು.) ಪ್ರಾಣದ ವಿಷಯದಲ್ಲಿ ನಂಬಬಹುದಾದವನನ್ನು ಒಂದು ಪಟ್ಟಿಯ ವಿಷಯದಲ್ಲಿ ನಂಬಬಾರದೆಂದರೆ ಅದು ಎಂಥ ಕಾಳಜಿ? 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಯನ್ನು ಮಾರಿದಾಗ ಬಯೋಸಿನ ಸಾಲುಸಾಲನ್ನೂ ಕೈಪಿಡಿಯಲ್ಲಿ ಅಚ್ಚುಹಾಕಿತ್ತು. ಅಂದಿನ ಗಿರಾಕಿ ನಮಗಿಂತ ಜಾಣನೇನೂ ಆಗಿರಲಿಲ್ಲ.

ಇನ್ನು ಭಾಷೆಯ ಮಾತು. ಗುರುಮಠಕಲ್ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ತನ್ನ ಹೊಲದ ಕಾಗದದಲ್ಲಿ ಏನಿದೆಯೆಂದು ತಿಳಿಯಲು ಉರ್ದು ಬಾರದ ರೈತ ಇನ್ನೊಬ್ಬರ ಕಟ್ಟೆಯ ಮೇಲೆ ಕೈಕಟ್ಟಿ ಕೂಡಬೇಕಾಗಿತ್ತು. ದೋಷ ಉರ್ದುವಿನದಲ್ಲ, ಆ ಸವಿಯಾದ ಭಾಷೆ ಆ ಊರಿನ ಬೀದಿಗಳಲ್ಲಿ ಈಗಲೂ ತೆಲುಗು ಕನ್ನಡಗಳ ಜೊತೆ ಸುಖವಾಗಿದೆ. ದೋಷ, ಕಾಗದದ ಒಡೆಯನಿಗೆ ಓದು ಸಿಗದಂತೆ ಮಾಡಿದ ವ್ಯವಸ್ಥೆಯದು. ಈಗ ಅಂಗಡಿಗಳ ಹೆಸರುಹಲಗೆಯಲ್ಲಿ ಶೇಕಡ 60 ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾಗಿದೆ. ಒಳ್ಳೆಯದೇ. ಆದರೆ ಆ ಹಲಗೆಯ ಕೆಳಗಿನಿಂದ ಹೊತ್ತುತಂದ ಪೆಟ್ಟಿಗೆಯನ್ನು ಬಿಚ್ಚಿ ನೋಡಿದೆ. ಒಳಗಿದ್ದ ಕೈಪಿಡಿಯಲ್ಲಿ ಹತ್ತಾರು ಭಾಷೆಗಳಿದ್ದವು, ಕನ್ನಡದ ಒಂದು ಅಕ್ಷರವಿರಲಿಲ್ಲ.

ಬಯೋಸಿನ ಪರದೆಯಲ್ಲೇ ಕನ್ನಡ ಮೂಡಿಸುವುದು ಸುಲಭವಲ್ಲವೆಂದು ಬಲ್ಲವರು ಹೇಳುತ್ತಾರೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿದೆ. ಆದರೂ ನಮ್ಮ ಒತ್ತಕ್ಷರಗಳನ್ನು ಜೋಡಿಸುವ ಚಾಕಚಕ್ಯ ಆ ಪುಟ್ಟ ಕಾರ್ಯಕ್ರಮಕ್ಕಿಲ್ಲ. ಒಪ್ಪೋಣ. ಒಂದು ಹಾಳೆ ಕಾಗದಕ್ಕೆ ಯಾವ ಚಾಕಚಕ್ಯ ಬೇಕು? ಯಾವ ಕೀಲಿ ಒತ್ತಬೇಕು, ಅದು ಸಾಗದಿದ್ದರೆ ಯಾವ ದಾರಿ, ಪಾಸ್‌ವರ್ಡ್ ಏನು, ಕೆಟ್ಟರೆ ಮೊದಲಿನಂತೆ ಮಾಡುವುದು ಹೇಗೆ: ಹತ್ತು ಸಾಲು ಕನ್ನಡ. ಬಿಲ್ಲಿನ ಜೊತೆಗೆ ಪಿನ್ನು ಹೊಡೆದು ಕೊಟ್ಟರೆ ಮುಗಿಯಿತು. ಅದನ್ನು ಕೊಡದ ಮಾರಾಟ ಅರ್ಧ ಮಾರಾಟವೆಂದು ಗಿರಾಕಿಗಳು ಅಂಗಡಿಯ ಕಟ್ಟೆಯ ಮೇಲೇ ನಿಂತು ಹೇಳಬೇಕು. ಹಾಳೆ ಕೈಗೆ ಬಾರದೆ ದುಡ್ಡು ಎಣಿಸಬಾರದು.

ಮರುದಿನ ನಾನೇ ಫೋನು ಹಿಡಿದು, ಇದನ್ನು ಪತ್ರಿಕೆಗೆ ಬರೆಯುತ್ತೇನೆಂದೆ. ದನಿ ತಗ್ಗಿತು, ಪಾಸ್‌ವರ್ಡ್ ಹೊರಬಂತು. ಅಂಗಡಿಯ ಫೋನ್ ನಂಬರಿನ ಕೊನೆಯ ನಾಲ್ಕು ಅಂಕೆ! ಹುಡುಗ ಅದನ್ನು ಅಳಿಸಿ ತನ್ನದನ್ನು ಇಟ್ಟುಕೊಂಡ. ಸಂಜೆಯೊಳಗೆ ಉಬುಂಟು ಕೂತಿತು. ಅದೇ ಓಣಿಯ ಇನ್ನೆರಡು ಮನೆಗಳಲ್ಲಿ ಅದೇ ಅಂಗಡಿಯ ಕಂಪ್ಯೂಟರುಗಳಿವೆ. ಅವರನ್ನು ಕೇಳಿಕೊಂಡು ಹೋಗಿ ಒತ್ತಿ ನೋಡಿ ಬಂದ. ಎರಡೂ ಕಡೆ ಅವೇ ನಾಲ್ಕು ಅಂಕೆ.