ಚಿಕ್ಕಮ್ಮನಿಗೆ ಗಾಲಿಕುರ್ಚಿ ಯಾಕೆ ಬೇಕಾಯಿತು?

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಬೆಳೆ ವಿಮೆಯ ಅರ್ಜಿಗಳ ನಡುವೆ ಆಗೊಮ್ಮೆ ಈಗೊಮ್ಮೆ ವಿಮಾನದ ಟಿಕೆಟ್ಟೂ ಪ್ರಿಂಟಿಗೆ ಬರುತ್ತದೆ. ತರುವವರು ಹೆಚ್ಚಾಗಿ ಅರವತ್ತರ ಆಸುಪಾಸಿನ ತಾಯಂದಿರು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟವರು. ಮೊದಲ ಆರು ತಿಂಗಳು ತಾಯಿ, ಅವರು ವಾಪಸಾದ ಮೇಲೆ ಅತ್ತೆ. ಹೀಗೆ ಸರದಿ ಹಾಕಿಕೊಂಡು ಎರಡು ಮನೆಯವರು ಕೂಸಿಗೆ ಒಂದು ವರ್ಷ ತುಂಬಿಸುತ್ತಾರೆ. ಅವರ ಟಿಕೆಟ್ಟಿನಲ್ಲಿ ಮಗಳೋ ಅಳಿಯನೋ ಗಾಲಿಕುರ್ಚಿಗೆ ಬೇಡಿಕೆ ಹಾಕಿರುತ್ತಾರೆ. ಆ ತಾಯಿ ಮಾತ್ರ ನನ್ನ ಅಂಗಡಿಗೆ ನಡೆದೇ ಬಂದಿರುತ್ತಾರೆ.

ನಮ್ಮ ಚಿಕ್ಕಮ್ಮನ ಟಿಕೆಟ್ಟಿನಲ್ಲೂ ಹಾಗೇ ಇತ್ತು. ಕೊಯ್ಲಿನ ದಿನಗಳಲ್ಲಿ ಬೆಳಗಿನ ಜಾವಕ್ಕೆ ಅಡಿಕೆ ಸುಲಿಯಲು ಕೂತರೆ ಹೊತ್ತೇರುವ ತನಕ ಏಳದ ಜೀವ ಅದು. ತೋಟಕ್ಕೆ ಹೋಗುವುದೂ ಬರುವುದೂ ಕಾಲ್ನಡಿಗೆಯಲ್ಲೇ. ‘ಕಾಲು ಗಟ್ಟಿ ಐತಲ್ಲ ಚಿಕ್ಕಮ್ಮ, ಕುರ್ಚಿ ಯಾಕೆ?’ ಎಂದೆ. ‘ಕಾಲಿಗಲ್ಲಪ್ಪ, ಅಲ್ಲಿ ಯಾರನ್ನ ಏನಂತ ಕೇಳ್ಲಿ? ಕುರ್ಚೀಲಿ ಕೂತ್ರೆ ತಳ್ಳೋ ಹುಡುಗನಾದ್ರೂ ಜೊತೆಗಿರ್ತಾನೆ’ ಎಂದರು.

ಈ ಮಾತು ವಿಮಾನ ನಿಲ್ದಾಣ ನಡೆಸುವವರ ಕಿವಿಗೆ ಬೀಳಬೇಕೆಂದೇ ಈ ಲೇಖನ ಬರೆಯುತ್ತಿದ್ದೇನೆ. ನಡೆಯಬಲ್ಲ ಸಾವಿರಾರು ಹಿರಿಯರು ಕುರ್ಚಿ ಕೇಳುತ್ತಿರುವುದು ಜೊತೆಗೊಬ್ಬ ಮನುಷ್ಯ ಬೇಕೆಂಬ ಕಾರಣಕ್ಕೆ. ಆ ಮನುಷ್ಯನನ್ನು ನೇರವಾಗಿ ಕೇಳುವ ಸುಲಭದ ದಾರಿ ನಮ್ಮಲ್ಲಿಲ್ಲ.

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಚೆಂದದ ಕಟ್ಟಡ. 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. 2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳೆಲ್ಲ ಅಲ್ಲಿಂದಲೇ. ಎರಡೂವರೆ ಲಕ್ಷ ಚದರ ಮೀಟರಿನ ವಿಸ್ತಾರ, ಬಿದಿರಿನ ಚಾವಣಿ, ಮೇಲಿಂದ ಇಳಿಬಿಟ್ಟ ಹಸಿರು. ಇದು ನಮ್ಮ ನಾಡಿನದು ಎಂದು ನನಗೂ ಹೆಮ್ಮೆ. ಆದರೆ ಕಳಿಸಲು ಬಂದ ನಾವು ಬಾಗಿಲಲ್ಲೇ ನಿಲ್ಲಬೇಕು. ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ಟು, ಪಾಸ್‌ಪೋರ್ಟು ನೋಡಿ ಪ್ರಯಾಣಿಕರನ್ನಷ್ಟೇ ಒಳಗೆ ಬಿಡುತ್ತಾರೆ. ಅಲ್ಲಿಂದ ಮುಂದೆ ಚಿಕ್ಕಮ್ಮ ಒಬ್ಬರೇ.

ಒಳಗೆ ಅವರು ಎದುರಿಸಬೇಕಾದದ್ದನ್ನು ನೋಡಿ. ಮೊದಲು ತಮ್ಮ ವಿಮಾನ ಕಂಪನಿಯ ಕೌಂಟರ್ ಹುಡುಕಬೇಕು. ಪೆಟ್ಟಿಗೆ ತೂಕ ಹೆಚ್ಚಿದ್ದರೆ ಅಲ್ಲೇ ನೆಲದ ಮೇಲೆ ಬಿಚ್ಚಿ, ಬಾಣಂತಿ ಖಾರ ಬಿಡುವುದೋ ಕೂಸಿನ ಕುಲಾವಿ ಬಿಡುವುದೋ ತೀರ್ಮಾನಿಸಬೇಕು. ಆಮೇಲೆ ವಲಸೆ ತಪಾಸಣೆ: ಎಲ್ಲಿಗೆ, ಯಾಕೆ, ಯಾರ ಮನೆಗೆ, ಎಷ್ಟು ದಿನ? ಕೇಳುವ ಅಧಿಕಾರಿ ದೇಶದ ಯಾವ ಮೂಲೆಯವರೂ ಆಗಿರಬಹುದು. ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಅದು ಮುಗಿದರೆ ಭದ್ರತಾ ತಪಾಸಣೆ: ಕೈಚೀಲ, ಮೊಬೈಲು ಎಲ್ಲವನ್ನೂ ಟ್ರೇಗೆ ಹಾಕಬೇಕು. ಕೊನೆಗೆ ಗೇಟು. ಅದರ ಸಂಖ್ಯೆ ಕಡೇ ಗಳಿಗೆಯಲ್ಲಿ ಬದಲಾಗುವುದೂ ಉಂಟು.

ಕೌಂಟರ್ ವಿಮಾನ ಕಂಪನಿಯದು. ವಲಸೆ ತಪಾಸಣೆ ಕೇಂದ್ರ ಗೃಹ ಸಚಿವಾಲಯದ ಅಧೀನದ್ದು, ಭದ್ರತೆ ಸಿಐಎಸ್‌ಎಫ್‌ನದು, ಕಸ್ಟಮ್ಸ್ ಹಣಕಾಸು ಸಚಿವಾಲಯದ್ದು, ಕಟ್ಟಡ ನಿಲ್ದಾಣ ನಡೆಸುವ ಬಿಐಎಎಲ್ ಕಂಪನಿಯದು. ಪ್ರತಿಯೊಬ್ಬರೂ ತಮ್ಮ ಮೇಜಿನ ಕೆಲಸ ಮಾಡುತ್ತಾರೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ನಡುವಿನ ಹಾದಿಗೆ ಮಾತ್ರ ವಾರಸುದಾರರಿಲ್ಲ. ಚಿಕ್ಕಮ್ಮನಂಥವರು ಕಂಗಾಲಾಗುವುದು ಅಲ್ಲೇ.

ಫಲಕಗಳಲ್ಲಿ ಕನ್ನಡ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಅದಕ್ಕಾಗಿ ಹೋರಾಡಿದವರಿಗೆ ನಾನು ಋಣಿ. ಆದರೆ ಫಲಕ ಬಾಣ ತೋರಿಸುತ್ತದೆ ಅಷ್ಟೇ. ಸಾಲು ತಪ್ಪಿದವರನ್ನು ಕೈ ಹಿಡಿದು ಸರಿಯಾದ ಸಾಲಿಗೆ ಸೇರಿಸುವುದಿಲ್ಲ. ಇನ್ನು ತಂತ್ರಜ್ಞಾನ. ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ 2022ರ ಡಿಸೆಂಬರ್ 1ರಂದು ಬೆಂಗಳೂರಿಗೆ ಬಂತು. ವಲಸೆ ತಪಾಸಣೆಯನ್ನು ಯಂತ್ರದಲ್ಲೇ ಮುಗಿಸುವ ಸೌಲಭ್ಯ 2025ರ ಜನವರಿಯಲ್ಲಿ ಶುರುವಾಯಿತು. ಎರಡೂ ಒಳ್ಳೆಯವೇ. ಆದರೆ ಎರಡೂ ಈಗಾಗಲೇ ದಾರಿ ಗೊತ್ತಿರುವವರ ವೇಳೆ ಉಳಿಸುತ್ತವೆ. ಚೆನ್ನೈ ಸೇರಿ ಎಷ್ಟೋ ನಿಲ್ದಾಣಗಳು ಧ್ವನಿವರ್ಧಕದ ಘೋಷಣೆಗಳನ್ನೂ ನಿಲ್ಲಿಸಿ ‘ಮೌನ ನಿಲ್ದಾಣ’ಗಳಾಗಿವೆ. ಓದಲು ಬಾರದವರಿಗೆ ಉಳಿದಿದ್ದ ಆಸರೆ ಆ ಕೂಗೊಂದೇ ಆಗಿತ್ತು.

ಹಾಗಾಗಿ ಉಳಿಯುವುದು ಗಾಲಿಕುರ್ಚಿ. ನಡೆಯಲಾಗದವರಿಗೆ ಅದನ್ನು ಉಚಿತವಾಗಿ ಕೊಡಬೇಕೆಂಬುದು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ. ನಡೆಯಬಲ್ಲವರೂ ಕೂತಾಗ ಕುರ್ಚಿ ಸಾಲದೆ ಬರುತ್ತದೆ. 2024ರ ಫೆಬ್ರವರಿಯಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ಏನಾಯಿತೆಂದು ಓದುಗರಿಗೆ ನೆನಪಿರಬಹುದು. ನ್ಯೂಯಾರ್ಕಿನಿಂದ ಬಂದ ಹಿರಿಯ ದಂಪತಿಗೆ ಸಿಕ್ಕಿದ್ದು ಒಂದೇ ಕುರ್ಚಿ. ಹೆಂಡತಿಯನ್ನು ಕೂರಿಸಿ, ಪಕ್ಕದಲ್ಲೇ ನಡೆದುಬಂದ 80ರ ಪತಿ ವಲಸೆ ತಪಾಸಣೆಯ ಹತ್ತಿರ ಕುಸಿದರು, ಉಳಿಯಲಿಲ್ಲ. ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ಕುರ್ಚಿ ಕೇಳುವ ಗಟ್ಟಿಗರನ್ನು ಸುಳ್ಳರೆಂದು ಬೈಯುವುದು ಸುಲಭ. ಅವರಿಗೆ ಬೇರೆ ಬಾಗಿಲು ತೆರೆದಿದ್ದರೆ ತಾನೇ ಆ ಬೈಗುಳಕ್ಕೆ ಅರ್ಥ?

ಕುರ್ಚಿಯಲ್ಲಿ ಕೂತ ಚಿಕ್ಕಮ್ಮನಿಗಾದರೂ ಸುಖವಿತ್ತೇ? ನಡುವೆ ವಿಮಾನ ಬದಲಿಸುವ ನಿಲ್ದಾಣವೊಂದರಲ್ಲಿ ಅವರನ್ನು ಇತರ ಹಿರಿಯರೊಂದಿಗೆ ಸಾಲಾಗಿ ಕೂರಿಸಿ ಹೋದರು. ಶೌಚಾಲಯ ಎದುರಿಗೇ ಕಾಣುತ್ತಿತ್ತು, ಕಾಲೂ ಗಟ್ಟಿಯಿತ್ತು. ಎದ್ದು ಹೋದರೆ ಕರೆದೊಯ್ಯುವವನು ಬಂದು ಹೊರಟುಹೋದಾನು ಎಂಬ ಭಯಕ್ಕೆ ತಾಸುಗಟ್ಟಲೆ ತಡೆದುಕೊಂಡು ಕೂತಿದ್ದರಂತೆ. ಊರಿಗೆ ಬಂದು ಇದನ್ನು ನನಗಲ್ಲ, ನನ್ನ ಹೆಂಡತಿಗೆ ಹೇಳಿದರು. ಕೇಳಿ ಹೊಟ್ಟೆ ಉರಿಯಿತು.

ಮೊದಲ ಸಲ ವಿಮಾನ ಹತ್ತುವ ಹಿರಿಯರನ್ನು ಅಚ್ಚುಕಟ್ಟಾಗಿ ಕಳಿಸಿಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಹಜ್‌ಗೆ ಹೋಗುವವರನ್ನು ನೋಡಿ. ಬಸ್ಸು, ರೈಲು ಬಿಟ್ಟು ಬೇರೇನೂ ಹತ್ತದ ಅಜ್ಜ ಅಜ್ಜಿಯರು ಅವರಲ್ಲಿ ಬಹಳ. ಮೊದಲೇ ಜಿಲ್ಲೆಗಳಲ್ಲಿ ತರಬೇತಿ ಶಿಬಿರ ನಡೆಯುತ್ತದೆ. ಹೊರಡುವ ಮುನ್ನ ಬೆಂಗಳೂರಿನ ಹಜ್ ಭವನಕ್ಕೆ ಬಂದರೆ ದಾಖಲೆ, ಸಾಮಾನಿನ ಕೆಲಸ ಮುಗಿಸಿ, ಗುಂಪಾಗಿ ಬಸ್ಸಿನಲ್ಲಿ ನಿಲ್ದಾಣಕ್ಕೆ ಕರೆದೊಯ್ಯುತ್ತಾರೆ. ಹಿಂದೆ ಖಾದಿಮುಲ್ ಹುಜ್ಜಾಜ್ ಎಂದು ಕರೆಯುತ್ತಿದ್ದ ಸಹಾಯಕರು ಯಾತ್ರೆಯುದ್ದಕ್ಕೂ ಜೊತೆಗಿರುತ್ತಾರೆ. ನನ್ನ ಅಂಗಡಿಯಲ್ಲೇ ಅರ್ಜಿ ತುಂಬಿಸಿ ಹೋದ ಹಿರಿಯರು ಮೆಕ್ಕಾ ಮುಟ್ಟಿ ಬಂದು, ವಿಮಾನ ನಿಲ್ದಾಣದ ಬಗ್ಗೆ ಕೇಳಿದರೆ ‘ಅದರಲ್ಲೇನೈತಿ, ಅವರು ಕರ್ಕೊಂಡು ಹೋದ್ರು, ನಾವು ಹೋದ್ವಿ’ ಎನ್ನುತ್ತಾರೆ. ಚಿಕ್ಕಮ್ಮನಿಗೂ ಇಷ್ಟೇ ಸಿಗಬೇಕು.

ವಿಮಾನ ಕಂಪನಿಗಳಿಗೂ ಇದು ಹೊಸ ವಿದ್ಯೆಯಲ್ಲ. ಒಂಟಿಯಾಗಿ ಹೋಗುವ ಮಕ್ಕಳನ್ನು ಅವು ಶುಲ್ಕ ಪಡೆದು ಕೈಯಿಂದ ಕೈಗೆ ದಾಟಿಸುತ್ತವೆ. ಹೊರಗೆ ಕಾಣದ ತೊಂದರೆ ಇರುವವರಿಗಾಗಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣ 2016ರಲ್ಲಿ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ತಂದಿತು. ಅದನ್ನು ಕಂಡ ಸಿಬ್ಬಂದಿ ತಾವಾಗಿಯೇ ಹತ್ತಿರ ಬಂದು ವಿಚಾರಿಸುತ್ತಾರೆ. ಅದೇ ರೀತಿ ಟಿಕೆಟ್ ಕಾಯ್ದಿರಿಸುವಾಗ ಗಾಲಿಕುರ್ಚಿಯ ಪಕ್ಕದಲ್ಲೇ ‘ಜೊತೆಗಾರರು ಬೇಕು, ಭಾಷೆ ಕನ್ನಡ’ ಎಂಬ ಇನ್ನೊಂದು ಆಯ್ಕೆ ಇರಲಿ. ಐದಾರು ಜನರನ್ನು ಒಟ್ಟು ಸೇರಿಸಿ ಒಬ್ಬ ಯುವಕನೋ ಯುವತಿಯೋ ಬಾಗಿಲಿಂದ ಗೇಟಿನವರೆಗೆ ನಡೆಸಿಕೊಂಡು ಹೋದರೆ ಸಾಕು. ಒಂದು ಕುರ್ಚಿಗೆ ಒಬ್ಬರಂತೆ ತಳ್ಳುವುದಕ್ಕಿಂತ ಇದಕ್ಕೆ ಕಡಿಮೆ ಜನ ಸಾಕಾಗುತ್ತದೆ. ಖರ್ಚಿನ ಮಾತು ಬಂದರೆ, ಬಳಕೆದಾರರ ಅಭಿವೃದ್ಧಿ ಶುಲ್ಕವೆಂದು ಟಿಕೆಟ್ಟಿನಲ್ಲೇ ನಮ್ಮಿಂದ ಹಣ ಪಡೆಯುತ್ತಾರೆ. ಬಿಐಎಎಲ್‌ನಲ್ಲಿ ಕರ್ನಾಟಕ ಸರ್ಕಾರಕ್ಕೆ ತನ್ನ ಕೆಎಸ್‌ಐಐಡಿಸಿ ನಿಗಮದ ಮೂಲಕ ಶೇ 13ರಷ್ಟು ಪಾಲಿದೆ. ಆ ಪಾಲುದಾರರು ಆಡಳಿತ ಮಂಡಳಿಯಲ್ಲಿ ಈ ಮಾತೆತ್ತಲಿ.

ಅಲ್ಲಿಯವರೆಗೆ ನನ್ನ ಅಂಗಡಿಯಿಂದ ಟಿಕೆಟ್ಟಿನ ಜೊತೆ ಕನ್ನಡದ ಒಂದು ಹಾಳೆಯೂ ಹೋಗುತ್ತದೆ. ಅದರಲ್ಲಿರುವುದು ಇಷ್ಟು: ಇಡೀ ಕೊಬ್ಬರಿ ಗಿಟುಕು ಒಯ್ಯಬೇಡಿ, ಬೇಗ ಬೆಂಕಿ ಹಿಡಿಯುವ ವಸ್ತುವೆಂದು ತಡೆಯುತ್ತಾರೆ. ಎಲೆ ಅಡಿಕೆ ಸಂಚಿಯಲ್ಲಿ ಅಡಕತ್ತರಿ ಇದ್ದರೆ ಮನೆಯಲ್ಲೇ ತೆಗೆದಿಡಿ. ದುಬೈಗಾದರೆ ಎಲೆಯೂ ಬೇಡ. ಉಪ್ಪಿನಕಾಯಿ ಪೆಟ್ಟಿಗೆಯಲ್ಲಿ, ಪವರ್ ಬ್ಯಾಂಕ್ ಕೈಚೀಲದಲ್ಲಿ. ನಿಲ್ದಾಣಕ್ಕೆ ಹೋಗುವಾಗ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಗದ್ದಲ ತಪ್ಪುತ್ತದೆ. ಮಗಳ ವಿಳಾಸ, ಫೋನ್ ನಂಬರು, ವಾಪಸ್ ಟಿಕೆಟ್ಟು ಒಂದೇ ಕವರಿನಲ್ಲಿರಲಿ, ಅಧಿಕಾರಿ ಕೇಳಿದರೆ ಕವರನ್ನೇ ಮುಂದಿಡಿ. ಹಾಳೆಯ ಕೆಳಗೆ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ‘ನನಗೆ ಕನ್ನಡ ಮಾತ್ರ ಬರುತ್ತದೆ, ದಯವಿಟ್ಟು ಈ ಗೇಟಿಗೆ ತಲುಪಿಸಿ’ ಎಂದು ಬರೆದು, ಗೇಟಿನ ಜಾಗ ಖಾಲಿ ಬಿಟ್ಟಿರುತ್ತೇನೆ.

ಚನ್ನಗಿರಿಯಲ್ಲಿ ತಿಂಗಳಿಗೊಂದು ದಿನ, ಹಜ್ ಶಿಬಿರದ ಮಾದರಿಯಲ್ಲೇ, ಮೊದಲ ಸಲ ವಿದೇಶಕ್ಕೆ ಹೊರಡುವವರಿಗೆ ತರಬೇತಿ ನಡೆಸಬಹುದು. ಕಲಿಸಲು ಗಲ್ಫಿನಲ್ಲಿ ದುಡಿದು ಬಂದ ನಮ್ಮ ಹುಡುಗರಿದ್ದಾರೆ, ಬಾಣಂತನ ಮುಗಿಸಿ ಬಂದ ತಾಯಂದಿರಿದ್ದಾರೆ. ತಾಲ್ಲೂಕು ಆಡಳಿತ ಒಂದು ಸಭಾಂಗಣ ಕೊಟ್ಟರೆ ಹಾಳೆಗಳ ಖರ್ಚು ನನ್ನದು. ಮೊದಲ ಪಾಠಕ್ಕೆ ಚಿಕ್ಕಮ್ಮ ಒಪ್ಪಿದ್ದಾರೆ.