ಕುಣಿಸುವ ಹಾಡು, ಕುಟುಕುವ ಪದ

ರಾಜ್ಯೋತ್ಸವದ ವೇದಿಕೆಯಿರಲಿ, ಕಾಲೇಜಿನ ಹಬ್ಬವಿರಲಿ, ಬ್ಯಾಂಡಿನವರು ಶಿಶುನಾಳ ಶರೀಫರ ಗುಡುಗುಡಿಯ ಪದ ಎತ್ತಿಕೊಂಡರೆಂದರೆ ಕುರ್ಚಿಯಲ್ಲಿ ಕೂತಿರುವವರು ಕಡಿಮೆ. ಡ್ರಮ್ಸ್ ಬಿರುಸಾಗುತ್ತದೆ, ಬೇಸ್ ಗಿಟಾರ್ ಎದೆಗೇ ಗುದ್ದುತ್ತದೆ. ಪಲ್ಲವಿ ಬಂದಾಗ ಹಾಡುಗಾರ ಮೈಕನ್ನು ಜನರ ಕಡೆ ತಿರುಗಿಸುತ್ತಾನೆ. ಕನ್ನಡ ಅಷ್ಟಾಗಿ ಬಾರದ ಹುಡುಗರೂ ದನಿಗೂಡಿಸುತ್ತಾರೆ.

ಈ ಜಾತ್ರೆಯ ಕಳೆಯನ್ನು ದೂರದೂರಕ್ಕೆ ಒಯ್ದವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತವರು, ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರ್ ಹಿಡಿದರು. 2008ರ ಅವರ ‘ಅಂತರಾಗ್ನಿ’ ಆಲ್ಬಮ್‌ನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶರೀಫರೂ ಇದ್ದರು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮಕ್ಕೆ ಕರೆ ಬಂತು. ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಅವರ ತಮ್ಮ ವಾಸು ದೀಕ್ಷಿತ್ ಮುಂದಾಳಾಗಿದ್ದ ಬೆಂಗಳೂರಿನ ‘ಸ್ವರಾತ್ಮ’ ತಂಡದ್ದು ಇನ್ನೊಂದು ಬಗೆ. ಸೊಂಟಕ್ಕೆ ಕುದುರೆಯ ವೇಷ ಕಟ್ಟಿಕೊಂಡು ವಾಸು ವೇದಿಕೆಗೆ ಬಂದದ್ದುಂಟು.

‘ಜಾನಪದ ಕೆಡಿಸಿದರು’ ಎನ್ನುವ ತಕರಾರು ಇದ್ದೇ ಇದೆ. ಆದರೆ ನಾವು ಮೂಲವೆಂದು ನಂಬಿಕೊಂಡ ಶರೀಫರ ಧಾಟಿಗಳಲ್ಲಿ ಎಷ್ಟೋ ನಮ್ಮ ಕಿವಿಗೆ ಬಿದ್ದದ್ದು ಸಿ. ಅಶ್ವಥ್ ಅವರಿಂದ. ಅವರ ಸಂಗೀತವಿದ್ದ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದದ್ದು 1990ರಲ್ಲಿ. ಶರೀಫರು ತೀರಿಕೊಂಡು ಆಗಲೇ ನೂರು ವರ್ಷ ದಾಟಿತ್ತು. ಪದ ಬಾಯಿಂದ ಬಾಯಿಗೆ ದಾಟುವಾಗ ಧಾಟಿ ಬದಲಾಗುವುದು ಹೊಸದಲ್ಲ. ಮುಂದಿನವರು ಹಾಡಿದ್ದನ್ನು ಹಿಂದಿನವರು ಎತ್ತಿಕೊಳ್ಳುವುದು ಭಜನಾ ಮೇಳದ ಪದ್ಧತಿ. ಬ್ಯಾಂಡಿನ ಎದುರು ನಿಂತ ಜನ ಮಾಡುವುದೂ ಅದನ್ನೇ.

ನಮ್ಮ ಚಿಂತೆ ಬೇರೆ. ಪಲ್ಲವಿಗೆ ಕುಣಿದವರ ಕಿವಿಗೆ ಚರಣ ಬೀಳುತ್ತಿದೆಯೇ? ಗುಡುಗುಡಿಯ ಪದದಲ್ಲಿ ಶರೀಫರು ತಂಬಾಕಿನ ಮೋಜು ಹೇಳುತ್ತಿಲ್ಲ. ಮನಸ್ಸೇ ಅಲ್ಲಿ ಸಂಚಿ, ಕೊಚ್ಚಿ ಸುಡಬೇಕಾದ ಸೊಪ್ಪು ಮೋಹ. ರಘು 2013ರ ‘ಜಗ್ ಚಂಗಾ’ದಲ್ಲಿ ಹಾಡಿದ ‘ಲೋಕದ ಕಾಳಜಿ’ಯಂತೂ ಊರ ಉಸಾಬರಿ ಮೈಮೇಲೆ ಎಳೆದುಕೊಳ್ಳುವವರನ್ನು ನೇರವಾಗಿಯೇ ಕುಟುಕುತ್ತದೆ. ತಾವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತಿದ್ದೇವೆ ಎಂದು ಗೊತ್ತಾದರೆ ಹಬ್ಬದ ಗಮ್ಮತ್ತೇನೂ ಕಡಿಮೆಯಾಗುವುದಿಲ್ಲ. ಕುಣಿಯುತ್ತಲೇ ಬೈಸಿಕೊಳ್ಳುವ ಸುಖ ತತ್ವಪದದಲ್ಲಲ್ಲದೆ ಇನ್ನೆಲ್ಲಿ ಸಿಕ್ಕೀತು?

ಉತ್ಸವ ನಡೆಸುವವರಲ್ಲಿ ನಮ್ಮದೊಂದು ಕೋರಿಕೆ. ಹಾವೇರಿ, ಧಾರವಾಡ ಸೀಮೆಯಲ್ಲಿ ಏಕತಾರಿ, ದಮ್ಮಡಿ ಹಿಡಿದು ಈ ಪದಗಳನ್ನು ಇಂದಿಗೂ ಹಾಡುವವರಿದ್ದಾರೆ. ಬೆಳಿಗ್ಗೆ ಉದ್ಘಾಟನೆಯ ಹೊತ್ತಿಗೆ, ಶಾಮಿಯಾನ ಖಾಲಿಯಿದ್ದಾಗ, ಹತ್ತು ನಿಮಿಷ ಹಾಡಿಸಿ ಶಾಲು ಹೊದಿಸಿ ಕಳಿಸಿದ್ದು ಸಾಕು. ಸಂಜೆ ಜನ ತುಂಬಿದಾಗ ಬ್ಯಾಂಡಿನ ಪಕ್ಕದಲ್ಲೇ ಅವರನ್ನೂ ಕೂರಿಸಿ. ಒಂದೇ ಪದವನ್ನು ಇಬ್ಬರೂ ಹಾಡಲಿ. ಸಂಭಾವನೆಯೂ ಇಬ್ಬರಿಗೂ ಮರ್ಯಾದೆಯದ್ದಾಗಿರಲಿ. ಬ್ಯಾಂಡ್ ಕರೆತಂದ ಹುಡುಗರಲ್ಲಿ ನಾಲ್ಕು ಜನ ಪೂರ್ತಿ ಪದ ಕಲಿತು ಮನೆಗೆ ಹೋದರೂ ಆ ಸಂಜೆಯ ಖರ್ಚು ಹುಟ್ಟಿದಂತೆಯೇ.