ಹಾಕಿದ ಗೆರೆ ದಾಟದ ನಾವು

ಗೂಗಲ್ ಮ್ಯಾಪ್ಸ್ ಒಂದು ನೀಲಿ ಗೆರೆ ಹಾಕ್ತು ಅಂದ್ರೆ ಮುಗೀತು, ನಮ್ಮ ಜನ ಅದನ್ನ ದಾಟೋದಿಲ್ಲ. ಅದರಲ್ಲೂ ನನ್ನ ಜಾತಿಯವರು, ಅಂದ್ರೆ ಸಾಫ್ಟ್‌ವೇರ್ ಮಂದಿ. "ಮ್ಯಾಪ್ ಹೇಳ್ತಿದೆಯಲ್ಲ" ಅನ್ನೋದು "ಗುರುಗಳು ಅಪ್ಪಣೆ ಕೊಡಿಸಿದ್ದಾರಲ್ಲ" ಅನ್ನೋ ಮಟ್ಟಕ್ಕೆ ಬಂದಿದೆ.

ಸ್ವಾಮಿ, ನೀವೆಲ್ಲ ಡೈಕ್‌ಸ್ಟ್ರಾ ಅಲ್ಗಾರಿದಮ್ ಬರೆದು ಪಾಸಾದವರೇ ತಾನೆ? 1959ರಲ್ಲಿ ಅಚ್ಚಾದ ಲೆಕ್ಕ. ಪ್ರತಿ ರಸ್ತೆ ತುಂಡಿಗೂ ಒಂದು ತೂಕ ಕೊಡಿ, ಒಟ್ಟು ತೂಕ ಕಮ್ಮಿಯಾಗೋ ದಾರಿ ಹುಡುಕಿಕೊಡ್ತೀನಿ ಅನ್ನುತ್ತೆ, ಅಷ್ಟೆ. ಈಗಿನ ನಕ್ಷೆಗಳ ಲೆಕ್ಕ ಇದಕ್ಕಿಂತ ಎಷ್ಟೋ ಚುರುಕು, ಒಪ್ಪಿದೆ. ಆದ್ರೆ ತೂಕ ಇಟ್ಟವರು ಯಾರು? ನಿಮಿಷಕ್ಕೆ ತೂಕ ಇದೆ. ಟೋಲ್ ಬೇಡ, ಹೈವೇ ಬೇಡ ಅಂತ ಒಂದೆರಡು ಟಿಕ್ ಹಾಕಬಹುದು. ಮದ್ದೂರು ವಡೆಗೆ ತೂಕ ಇಲ್ಲ.

ವಡೆ ಬರೀ ತಮಾಷೆಗೆ ಹೇಳಿದ್ದಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕಿಟ್ಟು ಹೋಗುತ್ತೆ. ಊರೊಳಗಿನ ಹಳೇ ರಸ್ತೆ ಬೇಕು ಅಂದ್ರೆ ನೀವೇ ಹೇಳಬೇಕು.

ಇನ್ನೂ ಗಂಭೀರವಾದದ್ದು ಬೇಕಾ? ಸಂಜೆ ಬೆಂಗಳೂರು ಬಿಟ್ಟು ವಯನಾಡಿಗೆ ಹೊರಟಿದ್ದೀರಿ. ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ರಸ್ತೆ ಬಂಡೀಪುರದ ಕಾಡಿನೊಳಗೆ ಹೋಗುತ್ತೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ನಿಷೇಧ. ಈ ಮದ್ದೂರಲ್ಲಿ ವಡೆ ತಿನ್ನುತ್ತಾ ಕೂತ್ರೆ ಆ ಮದ್ದೂರಿನ ಗೇಟು ಮುಚ್ಚಿರುತ್ತೆ (ಗುಂಡ್ಲುಪೇಟೆ ಆಚೆಯ ಚೆಕ್‌ಪೋಸ್ಟಿನ ಹೆಸರೂ ಮದ್ದೂರೇ!). ನಾನು ಎಲ್ಲಿ ಎಷ್ಟು ಹೊತ್ತು ನಿಲ್ತೀನಿ ಅನ್ನೋದು ನನಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ನಾನು ಮೊದಲೇ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ದಾರಿ ಹಿಡೀತೀನಿ. ಸುತ್ತು ಹೌದು, ಆದ್ರೆ ಗೇಟಿನ ಮುಂದೆ ಮಕ್ಕಳು ಮರಿ ಕಟ್ಟಿಕೊಂಡು ಬೆಳಗಾಗೋದನ್ನ ಕಾಯೋದಿಲ್ಲ.

ಇದನ್ನ ನಕ್ಷೆಗೆ ಹೇಳೋದು ಹೇಗೆ? ಕಂಪ್ಯೂಟರಿನಲ್ಲಾದ್ರೆ ಸುಲಭ. ನೀಲಿ ಗೆರೆಯನ್ನ ಮೌಸಿನಲ್ಲಿ ಹಿಡಿದು ಗೋಣಿಕೊಪ್ಪದ ಮೇಲೆ ಎಳೆದು ಬಿಟ್ರೆ ಆಯ್ತು. ಗೂಗಲ್ ಈ ಸೌಕರ್ಯ ಕೊಟ್ಟಿದ್ದು 2007ರಲ್ಲಿ. ಆದ್ರೆ ಕಾರು ಓಡಿಸೋವಾಗ ಕೈಲಿರೋದು ಫೋನು, ಫೋನಿನ ಆ್ಯಪ್‌ನಲ್ಲಿ ಗೆರೆ ಎಳೆಯೋಕೆ ಬರೋದಿಲ್ಲ! "ಸ್ಟಾಪ್ ಸೇರಿಸಿಕೊಳ್ಳಿ" ಅಂತಾರೆ. ಸ್ಟಾಪ್ ಬೇರೆ, ಹಾದುಹೋಗೋದು ಬೇರೆ. ನನಗೆ ಗೋಣಿಕೊಪ್ಪದಲ್ಲಿ ಇಳಿಯೋ ಕೆಲಸ ಇಲ್ಲ. ಪಿನ್ನು ಡಿವೈಡರಿನ ಆಚೆ ಬದಿಗೆ ಬಿತ್ತೋ, ಯೂ-ಟರ್ನ್ ಹೊಡೆದು ಅಲ್ಲಿಗೇ ಹೋಗಿ ಮುಟ್ಟಿ ಬಾ ಅನ್ನುತ್ತೆ.

ಈ ವ್ಯತ್ಯಾಸ ಅವರಿಗೆ ಗೊತ್ತಿಲ್ವಾ? ಚೆನ್ನಾಗೇ ಗೊತ್ತು. ಪ್ರೋಗ್ರಾಮರುಗಳಿಗೆ ಅಂತ ಅವರೇ ಕೊಟ್ಟ ಡೈರೆಕ್ಷನ್ಸ್ ಎಪಿಐನಲ್ಲಿ ಜಾಗದ ಹೆಸರಿನ ಹಿಂದೆ 'ವಯಾ' ಅಂತ ಸೇರಿಸಿದ್ರೆ ನಿಲ್ಲದೇ ಹಾದುಹೋಗು ಅಂತ ಅರ್ಥ. ಅಂದ್ರೆ ತಾಂತ್ರಿಕ ತೊಡಕು ಅನ್ನೋ ನೆಪ ನಮ್ಮ ಮುಂದೆ ನಡೆಯೋದಿಲ್ಲ. ಓಡಿಸ್ತಾ ಗೆರೆ ಎಳೆದ್ರೆ ಅಪಾಯ ಅಂತೀರಾ? ಸರಿ, ಹೊರಡೋ ಮುಂಚೆ ಮಾತ್ರ ಬಿಡಿ. "ಸಾಮಾನ್ಯ ಬಳಕೆದಾರರಿಗೆ ಇದೆಲ್ಲ ಬೇಡ" ಅನ್ನೋ ಮಾತನ್ನ ಮೀಟಿಂಗುಗಳಲ್ಲಿ ನಾನೂ ಬೇಕಾದಷ್ಟು ಕೇಳಿದ್ದೀನಿ. ಹಾಗನ್ನೋರು ಯಾವ ಬಳಕೆದಾರನನ್ನೂ ಕೇಳಿರೋದಿಲ್ಲ.

ಅಲ್ಲೀತನಕ ನನ್ನ ದಾರಿ ಇದು: ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಬಿ-ರೌಟರ್ ತಾಣದಲ್ಲಿ ಬೇಕಾದ ಹಾಗೆ ಗೆರೆ ಎಳೆದು, ಜಿಪಿಎಕ್ಸ್ ಫೈಲಾಗಿ ಇಳಿಸಿಕೊಂಡು, ಫೋನಿನಲ್ಲಿ ಓಸ್ಮ್ಯಾಂಡ್‌ಗೆ ಕೊಡ್ತೀನಿ. ನಕ್ಷೆ ಮೊದಲೇ ಇಳಿಸಿಕೊಂಡಿದ್ರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಾನು ಹಾಕಿದ ಗೆರೆಯ ಮೇಲೇ ಕರೆದುಕೊಂಡು ಹೋಗುತ್ತೆ. ಟ್ರಾಫಿಕ್ ಸುದ್ದಿ ಸಿಗಲ್ಲ, ಗೊತ್ತು. ಕುಟ್ಟ ದಾರಿಯ ಫೈಲು ನನ್ನ ಹತ್ರ ಇದೆ, ಬೇಕಾದವರು ಕೇಳಿ, ಕಳಿಸ್ತೀನಿ. ವಡೆಗೆ ಅಂತ ಮದ್ದೂರು ಊರೊಳಗಿಂದಲೇ ಎಳೆದಿದ್ದೀನಿ :-)